ನಮ್ಮಂಥವರನ್ನು ಕರೆದು ತನ್ನಿ ಎಂದ ಅರಸ

ಘಾನಾದ ಅಕಾನ್ ಜನರ ಬಾಯಲ್ಲಿ ಒಂದು ಗಾದೆ ಇದೆ. ಮಗುವಿಗೆ ಯಾರೂ ದೇವರನ್ನು ತೋರಿಸಿಕೊಡುವುದಿಲ್ಲ ಅಂತ. ಅಂಗಾತ ಮಲಗಿದ ಮಗು ಕಣ್ಣು ಬಿಟ್ಟರೆ ಆಕಾಶ ಕಾಣುತ್ತದೆ. ಅವರ ದೇವರು ನ್ಯಾಮೆ ಇರುವುದೂ ಅಲ್ಲೇ. ಇನ್ನು ಬೆರಳು ಮಾಡಿ ತೋರಿಸುವುದಕ್ಕೆ ಏನಿದೆ? ಇಂಥ ಗಾದೆ ಆಡುವ ಊರಿಗೆ, ದೇವರನ್ನು ತೋರಿಸುತ್ತೇವೆ ಅಂತ ಯುರೋಪಿನಿಂದ ಹಡಗು ಹತ್ತಿ ಹೋದವರ ಕಥೆ ಹೇಳಬೇಕು ಅನ್ನಿಸಿತು. ನಮಗೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಇದೆ, ಬರುತ್ತೇನೆ.

ಮಿಷನರಿ ಅಂದ ಕೂಡಲೇ ನಮ್ಮಲ್ಲಿ ಎರಡೇ ಹಾಡು ಶುರುವಾಗುತ್ತವೆ. ಶಾಲೆ ಕೊಟ್ಟರು, ಆಸ್ಪತ್ರೆ ಕೊಟ್ಟರು, ಅಚ್ಚುಕೂಟ ಕೊಟ್ಟರು ಅನ್ನುವುದು ಒಂದು. ಅಕ್ಕಿ ಮೂಟೆ ತೋರಿಸಿ ಬಡವರನ್ನು ಮರುಳು ಮಾಡಿದರು ಅನ್ನುವುದು ಇನ್ನೊಂದು. ಅದರಲ್ಲೂ ಆಫ್ರಿಕಾದ ಹಳ್ಳಿ ಅಂದರೆ ಕೇಳುವುದೇ ಬೇಡ, ಎರಡೂ ಕಡೆಯವರಿಗೆ ಜಾಸ್ತಿ ಯೋಚನೆ ಮಾಡುವ ಕೆಲಸವೂ ಇರುವುದಿಲ್ಲ. ಎರಡು ಹಾಡಿನಲ್ಲೂ ಎಲ್ಲ ಮಾಡುವವನು ಬಿಳಿಯನೇ. ಹಳ್ಳಿಯವನು ಒಂದೋ ಕೈ ಚಾಚಿ ನಿಂತಿರುತ್ತಾನೆ, ಇಲ್ಲವೇ ಬೆಪ್ಪನ ಹಾಗೆ ಬಾಯಿ ಬಿಟ್ಟುಕೊಂಡು ಕೂತಿರುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲೇ. ಊರವರಿಗೆ ತಲೆ ಅನ್ನುವುದು ಇರಲಿಲ್ವಾ?

ಆ ಊರಿನ ಹೆಸರು ಅಕ್ರೊಪಾಂಗ್. ಇವತ್ತಿನ ಘಾನಾದ ರಾಜಧಾನಿ ಅಕ್ರಾದಿಂದ ಉತ್ತರಕ್ಕೆ, ಅಕುವಾಪೆಮ್ ಬೆಟ್ಟಸಾಲಿನ ಮೇಲಿದೆ. ಆಗ ಆ ಸೀಮೆಗೆ ಗೋಲ್ಡ್ ಕೋಸ್ಟ್ ಅನ್ನುತ್ತಿದ್ದರು. ಅಲ್ಲಿಗೆ ಹೋದವರು ಬಾಸೆಲ್ ಮಿಷನ್‌ನವರು. ಹೌದು, ಅದೇ ಬಾಸೆಲ್ ಮಿಷನ್. ಮಂಗಳೂರು ಹೆಂಚಿನದು, ಬಲ್ಮಠದ ಅಚ್ಚುಕೂಟದ್ದು, ಕಿಟೆಲ್ ನಿಘಂಟಿನದು. ಮಂಗಳೂರಿಗೆ ಅವರು ಬಂದದ್ದು 1834ರಲ್ಲಿ, ಗೋಲ್ಡ್ ಕೋಸ್ಟ್‌ಗೆ ಹೋದದ್ದು 1828ರಲ್ಲಿ. ಹಾಗೆ ನೋಡಿದರೆ ಆ ಸೀಮೆ ನಮಗಿಂತ ಆರು ವರ್ಷ ಹಿರಿಯದು.

ಮೊದಲು ನಾಲ್ಕು ಜನ ಹೋದರು. ನಾಲ್ವರೂ ಜ್ವರದಲ್ಲಿ ಸತ್ತರು. 1832ರಲ್ಲಿ ಮೂವರು ಹೋದರು. ಅವರಲ್ಲಿ ಒಬ್ಬರು ಡಾಕ್ಟರು, ಜೊತೆಯವರನ್ನು ಉಳಿಸಲಿ ಅಂತ ಕಳಿಸಿದ್ದು. ಆ ಡಾಕ್ಟರೇ ಕೆಲವು ವಾರಗಳಲ್ಲಿ ತೀರಿಕೊಂಡರು, ಇನ್ನೊಬ್ಬರೂ ಹೋದರು. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಉಳಿಸಿದ್ದು ಅಲ್ಲಿನ ನಾಟಿ ವೈದ್ಯ, ತಣ್ಣೀರು ಸ್ನಾನ ಮಾಡಿಸಿ, ನಿಂಬೆಹಣ್ಣು ಕೊಟ್ಟು! ದೇವರ ಮಾತು ಹೇಳಲು ಬಂದವರ ಜೀವ ಉಳಿದದ್ದು ಆ ಊರಿನ ಮದ್ದಿನಿಂದ. ಚೇತರಿಸಿಕೊಂಡ ಮೇಲೆ ರೀಸ್ ಕರಾವಳಿ ಬಿಟ್ಟು 1835ರಲ್ಲಿ ಅಕ್ರೊಪಾಂಗಿನ ಬೆಟ್ಟ ಹತ್ತಿದರು. ತಮ್ಮ ಕೈಯಾರೆ ಮನೆ ಕಟ್ಟಿಕೊಂಡರು. ಊರವರು ಅವರಿಗೆ ಓಸಿಯಾದಾನ್ ಅಂತ ಹೆಸರಿಟ್ಟರು, ಮನೆ ಕಟ್ಟುವವನು ಅಂತ ಅರ್ಥ. ಪಾದ್ರಿ ಅಂತಲ್ಲ, ಗುರು ಅಂತಲೂ ಅಲ್ಲ. ಮೇಸ್ತ್ರಿ ಅಂದ ಹಾಗೆ.

1828ರಿಂದ 1840ರವರೆಗೆ ಎಂಟು ಮಿಷನರಿಗಳು ಸತ್ತರು. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಕ್ರೈಸ್ತನಾಗಲಿಲ್ಲ. ಒಬ್ಬನೂ ಇಲ್ಲ. 1840ರಲ್ಲಿ ರೀಸ್ ಗಂಟುಮೂಟೆ ಕಟ್ಟಿದರು. ಆಗ ಅರಸ ಹೇಳಿದ್ದು ಅಂತ ಒಂದು ಮಾತನ್ನು ಅಲ್ಲಿನ ಚರ್ಚಿನವರು ಇವತ್ತಿಗೂ ನೆನೆಯುತ್ತಾರೆ. ಅದರ ಸಾರ ಹೀಗೆ: ದೇವರು ಲೋಕ ಮಾಡಿದಾಗ ಬಿಳಿಯರಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದೈವಗಳನ್ನು ಕೊಟ್ಟ. ಬಿಳಿಯರ ಪುಸ್ತಕ ಓದಬಲ್ಲ ನಮ್ಮಂಥ ಕಪ್ಪು ಜನರನ್ನು ತೋರಿಸಿ, ಆಗ ನಿಮ್ಮ ಹಿಂದೆ ಬರುತ್ತೇವೆ.

ಈ ಮಾತನ್ನು ಚರ್ಚಿನವರು ಆಹ್ವಾನ ಅಂತ ಓದುತ್ತಾರೆ. ನನಗೇಕೋ ಅನುಮಾನ. ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ದೆವ್ವಕ್ಕೆ ಬೇಜಾರಾಗದ ಹಾಗೆ ವಾಪಸ್ ಕಳಿಸುವ ಉಪಾಯ, ಅಂಥದ್ದೇ ಇರಬೇಕು ಇದು. ಮನೆಗೆ ಬಂದವನನ್ನು ಬೈಯುವ ಹಾಗಿಲ್ಲ, ಬಾ ಅನ್ನುವ ಮನಸ್ಸೂ ಇಲ್ಲ, ಆಗದ ಕೆಲಸ ಒಂದನ್ನು ಹೇಳಿಬಿಟ್ಟರೆ ಸರಿ. ಆದರೆ ಈ ಜನ ನಿಜವಾಗಿಯೂ ನಾಳೆ ಬಂದುಬಿಟ್ಟರು! ಅಟ್ಲಾಂಟಿಕ್ ದಾಟಿ ವೆಸ್ಟ್ ಇಂಡೀಸ್‌ಗೆ ಹೋಗಿ, ಜಮೈಕಾ ಮತ್ತು ಆಂಟಿಗುವಾದ ಕಪ್ಪು ಕ್ರೈಸ್ತರನ್ನು ಹುಡುಕಿ, 24 ಮಂದಿಯನ್ನು ಹಡಗಿನಲ್ಲಿ ಕರೆತಂದರು. ಏಪ್ರಿಲ್ 1843. ಅದೇ ವರ್ಷ ಜುಲೈಯಲ್ಲಿ ಇತ್ತ ಮಂಗಳೂರಿನಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರ ಶುರು ಮಾಡಿದರು. ಆ ಪತ್ರಿಕೆಯ ಕಥೆ ನಮಗೆಲ್ಲ ಗೊತ್ತು, ಈ ಹಡಗಿನ ಕಥೆ ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ.

ಬಂದವರು ಯಾರು ನೋಡಿ. ಇದೇ ಆಫ್ರಿಕಾದಿಂದ ಸರಪಳಿ ಹಾಕಿ ಎಳೆದೊಯ್ದವರ ಮಕ್ಕಳು, ಮೊಮ್ಮಕ್ಕಳು. ಜಮೈಕಾದಲ್ಲಿ ಗುಲಾಮಗಿರಿ ಪೂರ್ತಿ ಮುಗಿದು ಆಗಿನ್ನೂ ಐದು ವರ್ಷ ಆಗಿತ್ತು, ಅಷ್ಟೆ. ಅವರ ಜೊತೆ ಬಂದ ಕ್ಯಾಥರೀನ್ ಮಲ್‌ಗ್ರೇವ್ ಎಂಬ ಹೆಂಗಸನ್ನಂತೂ ಚಿಕ್ಕ ಹುಡುಗಿ ಇದ್ದಾಗಲೇ ಅಂಗೋಲಾದಿಂದ ಕದ್ದೊಯ್ದಿದ್ದರು. ಆಕೆ ಈಗ ಟೀಚರ್ ಆಗಿ ಅದೇ ಖಂಡಕ್ಕೆ ವಾಪಸ್. ಕರಾವಳಿಯಲ್ಲಿ ಹುಡುಗಿಯರ ಶಾಲೆ ನಡೆಸಿದರು. ಮುಂದೆ 1851ರಲ್ಲಿ ಜರ್ಮನ್ ಮಿಷನರಿ ಝಿಮ್ಮರ್‌ಮನ್ ಆಕೆಯನ್ನು ಮದುವೆಯಾದಾಗ ಬಾಸೆಲ್‌ನ ಕಮಿಟಿಯವರು ಮುಖ ಗಂಟು ಹಾಕಿಕೊಂಡರು. ದೇವರ ಮುಂದೆ ಎಲ್ಲರೂ ಒಂದೇ ಅಂತ ಸಾರಲು ಕಳಿಸಿದವರೇ!

ಬಂದ ಕುಟುಂಬಗಳಿಗೆ ಅಕ್ರೊಪಾಂಗ್ ಸಲೀಸಾಗಿ ಒಗ್ಗಲಿಲ್ಲ. ಬಣ್ಣ ಒಂದೇ ಆದರೂ ಭಾಷೆ ಬೇರೆ, ಊಟ ಬೇರೆ. ತಕರಾರುಗಳಾದವು, ಕೆಲವರು ಹೊರಟೂ ಹೋದರು. ಉಳಿದವರು ಕಲ್ಲಿನ ಮನೆ ಕಟ್ಟಿದರು, ತೋಟ ಮಾಡಿದರು. ಕೆಸುವಿನ ಜಾತಿಯ ಒಂದು ಗೆಡ್ಡೆ, ಬೆಣ್ಣೆಹಣ್ಣು, ಮಾವು ಎಲ್ಲ ಆ ಬೆಟ್ಟಕ್ಕೆ ಇವರ ಜೊತೆ ಬಂದವು ಅನ್ನುತ್ತಾರೆ. ಮಾವು ಎಲ್ಲಿಯದು? ನಮ್ಮದೇ. ಇಲ್ಲಿಂದ ಜಮೈಕಾಕ್ಕೆ ಹೋಗಿ ಅಲ್ಲಿಂದ ಅಕ್ರೊಪಾಂಗಿಗೆ ಬಂದಿತು ಅಂದರೆ, ಅಬ್ಬಾ, ಮಿಷನರಿಗಿಂತ ಜಾಸ್ತಿ ಸುತ್ತಿದೆ ಅದು.

ಇನ್ನು ಕಿಟೆಲ್ ವಿಷಯ. ಬಾಸೆಲ್‌ನ ಅದೇ ಸೆಮಿನರಿಯಲ್ಲಿ ಓದಿದ ಇನ್ನೊಬ್ಬರು ಯೊಹಾನ್ ಗಾಟ್ಲೀಬ್ ಕ್ರಿಸ್ತಾಲರ್. 1853ರಲ್ಲಿ ಕಿಟೆಲ್ ನಮ್ಮ ಕಡೆ ಬಂದರು, ಅದೇ ವರ್ಷ ಕ್ರಿಸ್ತಾಲರ್ ಗೋಲ್ಡ್ ಕೋಸ್ಟ್‌ಗೆ ಹೋದರು. ಅಲ್ಲಿನ ಮಾತು ತ್ವಿ. 1871ರಲ್ಲಿ ತ್ವಿ ಬೈಬಲ್, 1875ರಲ್ಲಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ನಿಘಂಟು. ನಮ್ಮ ನಿಘಂಟು ಬಂದದ್ದು 1894ರಲ್ಲಿ. ಕಿಟೆಲ್ ನಿಘಂಟಿನಲ್ಲೂ ಪುಟ ಪುಟಕ್ಕೆ ಗಾದೆಗಳು, ಗಮನಿಸಿದ್ದೀರಾ? ಹಳ್ಳಿ ಜನರ ಬಾಯಿಗೆ ಕಿವಿ ಕೊಟ್ಟು ಕೂತರೆ ಗಾದೆ ಕಿವಿಗೆ ಬೀಳದೆ ಇರುತ್ತದಾ?

ಇದರಲ್ಲಿ ಒಂದು ತಮಾಷೆ ಇದೆ. ಬೈಬಲ್ಲಿನ ದೇವರಿಗೆ ತ್ವಿ ಭಾಷೆಯಲ್ಲಿ ಏನನ್ನಬೇಕು? ಹೊಸ ಹೆಸರೇನೂ ತರಲಿಲ್ಲ, ಊರವರ ಆಕಾಶದ ದೇವರ ಹೆಸರನ್ನೇ ಇಟ್ಟರು. ಅಂದರೆ ಸಮುದ್ರ ದಾಟಿ ಬಂದು, ಎಂಟು ಹೆಣ ಹೂತು, ಕೊನೆಗೆ ಊರವರಿಗೆ ಮೊದಲೇ ಗೊತ್ತಿದ್ದ ಹೆಸರನ್ನೇ ಅವರಿಗೆ ಹೇಳಿದ ಹಾಗಾಯಿತು. ಮಗುವಿಗೆ ದೇವರನ್ನು ತೋರಿಸಬೇಕಿಲ್ಲ ಅಂದ ಅಜ್ಜಿ ಯಾರೋ, ಎಲ್ಲಿಂದಲೋ ನಕ್ಕಿರಬೇಕು.

ಮತ್ತೆ ಕ್ರಿಸ್ತಾಲರ್ ಇದನ್ನೆಲ್ಲ ಒಬ್ಬರೇ ಮಾಡಿದರಾ? ಎಲ್ಲಿಯ ಮಾತು. ಡೇವಿಡ್ ಅಸಾಂಟೆ, ಥಿಯೋಫಿಲಸ್ ಒಪೋಕು ಮೊದಲಾದ ಅಲ್ಲಿನ ಹುಡುಗರು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ತಿದ್ದಿದ್ದಾರೆ. ಅಸಾಂಟೆ ಬಾಸೆಲ್‌ಗೇ ಹೋಗಿ ಓದಿ ಬಂದು 1864ರಲ್ಲಿ ಪಾದ್ರಿಯಾದರು.

ಹೊಗಳಿದ್ದು ಸಾಕು, ಈಗ ನನ್ನ ಸಿಟ್ಟು. ಕ್ರೈಸ್ತರಾದವರನ್ನು ಮಿಷನ್ ಊರೊಳಗೆ ಬಿಡಲಿಲ್ಲ. ಊರ ಅಂಚಿಗೆ ಬೇರೆಯೇ ಕೇರಿ. ಅದರ ಹೆಸರು ಸೇಲಂ (ನಮ್ಮ ಪಕ್ಕದ ತಮಿಳುನಾಡಿನ ಸೇಲಂ ಅಲ್ಲ, ಬೈಬಲ್ಲಿನದು). ಸಾಲು ಮನೆ, ಚರ್ಚು, ಶಾಲೆ, ಗಂಟೆ, ಹಿರಿಯರ ಪಂಚಾಯಿತಿ. ಅಲ್ಲಿ ಡೋಲು ಬಾರಿಸುವ ಹಾಗಿಲ್ಲ, ಸತ್ತ ಹಿರಿಯರಿಗೆ ಹೆಂಡ ಎರೆಯುವ ಹಾಗಿಲ್ಲ. ಹಲವು ಹೆಂಡಿರಿದ್ದವನು ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟರೆ ಮಾತ್ರ ದೀಕ್ಷಾಸ್ನಾನ. ಬಿಟ್ಟ ಹೆಂಗಸರು ಎಲ್ಲಿಗೆ ಹೋಗಬೇಕು ಮಾರಾಯ್ರೇ? ಒಂದೇ ಮನೆಯ ಅಣ್ಣ ಊರಲ್ಲಿ, ತಮ್ಮ ಸೇಲಂನಲ್ಲಿ. ಸಾವಿನ ಮನೆಗೆ ಹೋದರೂ ಕಷ್ಟ, ಹೋಗದಿದ್ದರೂ ಕಷ್ಟ. ಅಕಾನರಿಗೆ ಹೆಣ ಎತ್ತುವ ಕಾರ್ಯಕ್ಕಿಂತ ದೊಡ್ಡ ಕಾರ್ಯ ಇಲ್ಲ, ಅದಕ್ಕೇ ಕತ್ತರಿ ಹಾಕಿದರು. ಇದನ್ನು ಸೇವೆ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಆದರೆ ಅದೇ ಸೇಲಂಗೆ ಓಡಿ ಬಂದವರು ಯಾರು ಅಂತ ನೋಡಿದಾಗ ನನ್ನ ಸಿಟ್ಟೂ ಮೆತ್ತಗಾಗುತ್ತದೆ. ಗುಲಾಮರು. ಸಾಲಕ್ಕೆ ಒತ್ತೆ ಬಿದ್ದವರು. ಊರಲ್ಲಿ ಅವರಿಗೆ ಡೋಲು ಇತ್ತು, ಹಬ್ಬ ಇತ್ತು, ಸ್ವಂತದ್ದು ಅನ್ನುವ ಬದುಕು ಮಾತ್ರ ಇರಲಿಲ್ಲ. 1860ರ ದಶಕದಲ್ಲಿ ಮಿಷನ್ ತನ್ನ ಸಭೆಯವರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಹಟ ಹಿಡಿಯಿತು, ಬ್ರಿಟಿಷರು ಅಲ್ಲಿ ಕಾನೂನು ತಂದದ್ದು 1874ರಲ್ಲಿ. ಮಿಷನ್ನಿನ ಕೈ ಶುದ್ಧ ಇತ್ತು ಅಂತಲೂ ಅಲ್ಲ, 1843ರಲ್ಲಿ ಮರಳಿ ಬಂದಿದ್ದ ರೀಸ್ ತೋಟದಲ್ಲಿ ಗುಲಾಮರಿಂದ ದುಡಿಸಿದರು ಎಂಬ ದೂರೂ ಅವರನ್ನು ವಾಪಸ್ ಕರೆಸಿಕೊಂಡದ್ದಕ್ಕೆ ಒಂದು ಕಾರಣ. 1870ರ ದಶಕದಲ್ಲಿ ಪಕ್ಕದ ಅಚೆಮ್ ಅಬುವಾಕ್ವಾದಲ್ಲಿ ಅರಸನ ಗುಲಾಮರು ಕ್ರೈಸ್ತ ಸಭೆಗೆ ಸೇರಿದಾಗ ಅರಸನಿಗೆ ಎದುರು ನಿಂತದ್ದು ಬಿಳಿಯ ಪಾದ್ರಿಯಲ್ಲ, ಡೇವಿಡ್ ಅಸಾಂಟೆ. ಬ್ರಿಟಿಷ್ ಅಧಿಕಾರಿಗಳು ಬೆನ್ನು ತಟ್ಟಿದರಾ? ಅವರನ್ನೇ ಅಲ್ಲಿಂದ ಎಬ್ಬಿಸಿದರು.

ತುಳುನಾಡಿನವರಿಗೆ ಇನ್ನೊಂದು ವಿಷಯ ಹೇಳಬೇಕು. ಅಕಾನರಲ್ಲೂ ಆಸ್ತಿ ಹೋಗುತ್ತಿದ್ದದ್ದು ತಾಯಿಯ ಕಡೆಯಿಂದ, ನಮ್ಮ ಅಳಿಯಕಟ್ಟಿನ ಹಾಗೇ. ಗಂಡ ಸತ್ತರೆ ಹೆಂಡತಿ ಮಕ್ಕಳಿಗೆ ಏನೂ ಇರಲಿಲ್ಲ, ಅಕ್ಕನ ಮಗನಿಗೆ ಎಲ್ಲ. ಮಿಷನ್ ಹೆಂಡತಿ ಮಕ್ಕಳಿಗೂ ಪಾಲು ಬೇಕು ಅಂದಿತು. ಅಪ್ಪನ ಜೊತೆ ತೋಟದಲ್ಲಿ ಬೆವರು ಸುರಿಸಿದ ಮಕ್ಕಳಿಗೆ ಅದು ಎಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಾ? ಸೋದರಳಿಯಂದಿರಿಗೆ ಎಷ್ಟು ಕೆಟ್ಟ ಮಾತು ಅಂತಲೂ ಹೇಳಬೇಕಿಲ್ಲ.

ತೋಟ ಅಂದೆ. ಕೋಕೋ. ಮಿಷನ್ನಿನವರು 1850ರ ದಶಕದಲ್ಲೇ ಬೀಜ ತರಿಸಿ ನೆಟ್ಟು ನೋಡಿದ್ದರು, ಕೈ ಹಿಡಿಯಲಿಲ್ಲ. ಆಮೇಲೆ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಬೀಜ ತಂದು ಅಕ್ರೊಪಾಂಗಿನ ಹತ್ತಿರದ ಮಾಂಪಾಂಗ್‌ನಲ್ಲಿ ನೆಟ್ಟವರು ಟೆಟೆ ಕ್ವಾರ್ಶಿ, ಮಿಷನ್ನಿನ ಕಾರ್ಖಾನೆಯಲ್ಲಿ ಕಮ್ಮಾರಿಕೆ ಕಲಿತವರು. ಅಲ್ಲಿಂದ ಆ ಬೆಟ್ಟದ ರೈತರು ಎದ್ದು ಕೂತರು. 1911ರ ಹೊತ್ತಿಗೆ ಗೋಲ್ಡ್ ಕೋಸ್ಟ್ ಕೋಕೋದಲ್ಲಿ ಜಗತ್ತಿಗೇ ಮೊದಲು. ದೇವರ ಮಾತು ಕೇಳಲು ಬನ್ನಿ ಅಂದವರಿಂದ ಕಮ್ಮಾರಿಕೆ ಕಲಿತು ಕೋಕೋ ಬೆಳೆದರು. ಯಾರು ಯಾರನ್ನು ಬಳಸಿಕೊಂಡರು, ನೀವೇ ಹೇಳಿ.

ಮೊದಲ ಮಹಾಯುದ್ಧದಲ್ಲಿ, 1917ರ ಡಿಸೆಂಬರ್‌ನಲ್ಲಿ, ಜರ್ಮನರ ನಂಟು ಅಂತ ಬ್ರಿಟಿಷರು ಬಾಸೆಲ್‌ನವರನ್ನೆಲ್ಲ ಗೋಲ್ಡ್ ಕೋಸ್ಟ್‌ನಿಂದ ಗಡಿಪಾರು ಮಾಡಿದರು. ಆಮೇಲೆ ಸ್ಕಾಟ್ಲೆಂಡಿನ ಕೆಲವರು ಬಂದರು, ಆದರೂ ಚರ್ಚ್ ನಡೆದದ್ದು ಊರವರ ಕೈಯಲ್ಲಿ. 1918ರಲ್ಲಿ ಅದಕ್ಕೆ ಮೊದಲ ಮುಖ್ಯಸ್ಥರಾದವರು ಪೀಟರ್ ಹಾಲ್. ಹುಟ್ಟಿದ್ದು ಅಕ್ರೊಪಾಂಗಿನಲ್ಲಿ. ಅವರ ಅಪ್ಪ 1843ರ ಆ ಹಡಗಿನಲ್ಲಿ ಬಂದ ಜಮೈಕಾದವರು. ಅರಸ ಕೇಳಿದ್ದಕ್ಕೆ ಬಂದವರ ಮಗ.

ಇವತ್ತಿಗೂ ಅಕ್ರೊಪಾಂಗಿನಲ್ಲಿ ಅರಸು ಪೀಠ ಇದೆ, ಒಡ್ವಿರಾ ಹಬ್ಬ ಪ್ರತಿವರ್ಷ ಡೋಲಿನ ಸಮೇತ ನಡೆಯುತ್ತದೆ. ಭಾನುವಾರ ಚರ್ಚಿನ ಗಂಟೆಯೂ ಹೊಡೆಯುತ್ತದೆ. ಅಲ್ಲಿ ಧರ್ಮ, ಸಂಸ್ಕೃತಿ ಓದುವ ಒಂದು ಸಂಸ್ಥೆ ಇದೆ, ಹೆಸರು ಅಕ್ರೋಫಿ-ಕ್ರಿಸ್ತಾಲರ್. ಅಕ್ರೋಫಿ ಅಂದರೆ ತ್ವಿ ಭಾಷೆಯ ಮೇಲೆ ಜೀವಮಾನ ಕೆಲಸ ಮಾಡಿದ ಅಲ್ಲಿಯವರೇ ಆದ ಪಂಡಿತರು. ಮೊದಲು ಅವರ ಹೆಸರು, ಆಮೇಲೆ ಜರ್ಮನರದು. ನಮ್ಮ ಧಾರವಾಡದಲ್ಲೂ ಕಿಟೆಲ್ ಹೆಸರಿನ ಕಾಲೇಜು ಇದೆ. ಕಿಟೆಲ್ ಪಕ್ಕ ಕೂತು ನಿಘಂಟಿಗೆ ಪದ ಬಿಡಿಸಿ ಹೇಳಿದ ನಮ್ಮವರಲ್ಲಿ ಒಬ್ಬರ ಹೆಸರು ನನಗೆ ಥಟ್ ಅಂತ ಬಾಯಿಗೆ ಬರಲಿಲ್ಲ. ನಿಮಗೆ ಬಂದರೆ ಹೇಳಿ.