ಮುಚ್ಚಳ ಎಲ್ಲಿ ಹೋಯ್ತು?

ನಮ್ಮ ಮನೆಯಲ್ಲಿ ಡಬ್ಬಿ 18, ಮುಚ್ಚಳ 11. ಮೊನ್ನೆ ಹಬ್ಬಕ್ಕೆ ಮಾಡಿದ ಕೋಡುಬಳೆ ತುಂಬಿಡಲು ಹೋದಾಗ ಈ ಲೆಕ್ಕ ಬಯಲಾಯಿತು. ಮುಚ್ಚಿಡಬೇಕಾದ ಮುಚ್ಚಳವೇ ಎಲ್ಲೋ ಬಚ್ಚಿಟ್ಟುಕೊಂಡಿತ್ತು.

"ಮುಚ್ಚಳಗಳು ನಿಗೂಢವಾಗಿ ನಾಪತ್ತೆ!" ಎಂದೆ, ಟಿವಿಯವರ ದನಿಯಲ್ಲಿ.

"ನಿಗೂಢ ಏನ್ಬಂತು? ನಿಮ್ಮ ತಂಗಿ ಮನೆಗೆ ಸಾರಿನಪುಡಿ ಕೊಟ್ರಲ್ಲ, ಡಬ್ಬಿ ಮಾತ್ರ ವಾಪಸ್ ಬಂತು. ಮುಚ್ಚಳ ಕೇಳಿದ್ರಾ?" ಎಂದಳು ಹೆಂಡತಿ.

ಪಾಪ, ನಿಗೂಢ ಎನ್ನುವ ಪದಕ್ಕೆ ಇಷ್ಟು ದುಡಿಮೆ ಹಚ್ಚಬಾರದು. ಅದರ ಬೇರು ಸಂಸ್ಕೃತದ 'ಗುಹ್' ಧಾತು, ಮರೆಮಾಡು ಎಂದರ್ಥ. ಮರೆಮಾಡಿದ್ದು ಗೂಢ. ಮರೆಯಾಗುವ ಜಾಗ ಗುಹೆ. ಮರೆಯಲ್ಲೇ ತಿರುಗುವವನು ಗೂಢಚಾರ. ಒಂದೇ ಮನೆತನ! ರಹಸ್ಯ ಬೇರೆ ಕಡೆಯದು. 'ರಹಸ್' ಅಂದರೆ ಏಕಾಂತ, ಮೂರನೆಯವರು ಇಲ್ಲದ ಜಾಗ. ಇನ್ನು ನಮ್ಮ ಗುಟ್ಟು ಇದೆಯಲ್ಲ, ಅದು ಪೂರಾ ಸಂಸಾರಸ್ಥ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಅಂತಾರೆ. ಆದರೂ ಪ್ರಾಸದ ನಂಟಿಗೋ ಏನೋ, ಗುಟ್ಟು ಕೊನೆಗೆ ರಟ್ಟಿನ ಕೈಗೇ ಸಿಕ್ಕಿಬೀಳುತ್ತದೆ.

ಗುಹೆ ಅಂದಾಗ ಅಲ್ಲಮಪ್ರಭು ನೆನಪಾಗುತ್ತಾನೆ. 12ನೇ ಶತಮಾನದ ಈ ವಚನಕಾರನ ಅಂಕಿತವೇ ಗುಹೇಶ್ವರ. ಕವಿ ಹರಿಹರ ಹೇಳುವ ಅವನ ಕಥೆ ನನಗೆ ಬಹಳ ಇಷ್ಟ. ಪ್ರೀತಿಸಿದ ಕಾಮಲತೆ ತೀರಿಕೊಂಡಿದ್ದಾಳೆ. ಅಲ್ಲಮ ತೋಟದಲ್ಲಿ ಕೂತು, ಮನಸ್ಸೆಲ್ಲೋ ಇಟ್ಟು, ಸುಮ್ನೆ ಕಾಲುಗುರಿನಿಂದ ನೆಲ ಕೆರೆಯುತ್ತಾನೆ. ಚಿನ್ನದ ಕಳಸದ ತುದಿ ಕಾಣಿಸುತ್ತದೆ. ಅಗೆದರೆ ಕೆಳಗೆ ಗುಡಿಯೇ ಇದೆ! ಒಳಗೆ ಅನಿಮಿಷಯ್ಯ ಎಂಬ ಶಿವಯೋಗಿ ಕೂತಿದ್ದಾನೆ, ಕೈಯಲ್ಲಿ ಲಿಂಗ.

ಇಂಥವನು ನೇರ ಮಾತಾಡಿಯಾನೇ? ಅವನ ಒಗಟಿನಂಥ ವಚನಗಳಿಗೆ 'ಬೆಡಗಿನ ವಚನ' ಎಂದು ಹೆಸರು. ಬೆಡಗು ಅಂದರೆ ಚೆಲುವು, ಒಯ್ಯಾರ ಕೂಡ. ತಿಳಿಯದ್ದನ್ನು ಕಂಡು ಹೆದರದೆ, ಚೆಲುವು ಅಂತ ಕರೆದ ಭಾಷೆ ನಮ್ಮದು. ಇದೊಂದು ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇದೆ.

ಅಜ್ಜಿಗೆ ವಚನಗಿಚನ ಗೊತ್ತಿರಲಿಲ್ಲ, ಒಗಟು ಗೊತ್ತಿತ್ತು. ಕೌದಿ ಹೊಲಿಯುವಾಗ ಕಣ್ಣು ಮಂಜು ಅಂತ ಸೂಜಿಗೆ ದಾರ ಪೋಣಿಸೋಕೆ ನನ್ನ ಕೈಗೆ ಕೊಡುತ್ತಿದ್ದಳು. ಒಮ್ಮೆ ನಾನು ದಾರದ ತುದಿಗೆ ಎಂಜಲು ಹಚ್ಚಿ, ಒಂದು ಕಣ್ಣು ಮುಚ್ಚಿ ಹೆಣಗುತ್ತಿದ್ದಾಗಲೇ ಕೇಳಿದಳು: "ಕಾಸಿನ ಕುದುರೆಗೆ ಬಾಲದ ಲಗಾಮು, ಏನು ಹೇಳು?" ಆನೆ ಅಂದೆ, ಗಾಳಿಪಟ ಅಂದೆ, ಇಲಿ ಅಂದೆ. "ಕೈಯಾಗೇ ಐತಲ್ಲೋ ಮಂಕೆ" ಅಂತ ನಕ್ಕಳು.

ಅಂದ ಹಾಗೆ, ಒಂದು ಮುಚ್ಚಳ ಸಿಕ್ಕಿತು. ತುಳಸಿ ಕುಂಡದಿಂದ ಸೋರುವ ನೀರು ಹಿಡಿಯೋಕೆ ಅಂತ ಯಾರೋ ಅದರಡಿಗೆ ಇಟ್ಟಿದ್ದಾರೆ. ಆ ಗಿಡಕ್ಕೆ ದಿನಾ ಬೆಳಗ್ಗೆ ನೀರು ಹಾಕುವುದು ನಾನೇ.