ವಿಶ್ವಶಾಂತಿಯ ಆಹ್ವಾನ ಪತ್ರಿಕೆ

ನಮ್ಮ ಮಂಡ್ಯ ಕಡೆ ರಸ್ತೆ ಕಾಮಗಾರಿಯ ಗುದ್ದಲಿ ಪೂಜೆ ನಿಲ್ಲೋದು ಜಲ್ಲಿ ಬಂದಿಲ್ಲ ಅಂತಲ್ಲ, ಆಹ್ವಾನ ಪತ್ರಿಕೆಯಲ್ಲಿ ಯಾರದೋ ಹೆಸರಿಲ್ಲ ಅಂತ. ‘ಶಿಷ್ಟಾಚಾರ ಉಲ್ಲಂಘನೆ’ ಎಂದು ಒಬ್ಬರು ಕೂಗಿದರೆ ಸಾಕು, ಶಾಮಿಯಾನ, ಕುರ್ಚಿ, ತೆಂಗಿನಕಾಯಿ ಎಲ್ಲ ವಾಪಸ್ ಆಟೋ ಹತ್ತುತ್ತವೆ. ನಗಬೇಡಿ. ಅಮೆರಿಕದಲ್ಲಿ ಹೀಗೇ ವಿಶ್ವಶಾಂತಿಯೇ ವಾಪಸ್ ಹೋಗಿತ್ತು.

ಮೊದಲ ಮಹಾಯುದ್ಧ ಮುಗಿದಾಗ ಅಧ್ಯಕ್ಷ ವುಡ್ರೊ ವಿಲ್ಸನ್ ಸಂಧಾನಕ್ಕೆಂದು ಪ್ಯಾರಿಸ್‌ಗೆ ಹೊರಟರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಸಿಗದೆ ಒಪ್ಪಂದ ನಡೆಯದು. ಆ ಸೆನೆಟ್ ವಿಲ್ಸನ್ನರ ಎದುರಾಳಿ ಪಕ್ಷವಾದ ರಿಪಬ್ಲಿಕನ್ನರ ಕೈಗೆ ಹೋಗುತ್ತಿತ್ತು. ಆದರೂ ವಿಲ್ಸನ್ ಒಬ್ಬೇ ಒಬ್ಬ ಸೆನೆಟರನ್ನೂ ಜೊತೆಗೆ ಕರೆಯಲಿಲ್ಲ.

ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ, ರಿಪಬ್ಲಿಕನ್ ಹೆನ್ರಿ ಕ್ಯಾಬಟ್ ಲಾಜ್ ಸುಮ್ನೆ ಕೂರುವವರಾ? ವಿಲ್ಸನ್ ಪ್ಯಾರಿಸ್‌ನಿಂದ ತಂದ ವರ್ಸೇಲ್ಸ್ ಶಾಂತಿ ಒಪ್ಪಂದವನ್ನು ಸಮಿತಿಯಲ್ಲಿ ಸಾಲುಸಾಲಾಗಿ, ಗಟ್ಟಿಯಾಗಿ ಓದಿದರು. ಎರಡು ವಾರ! ಕೇಳುವವರು ಇರಲಿ ಬಿಡಲಿ, ಪಾರಾಯಣ ಮುಗಿಯಿತು. ಆಮೇಲೆ ಷರತ್ತುಗಳು. ವಿಲ್ಸನ್ನರ ಶಾಂತಿ ಸೂತ್ರ 14, ಲಾಜ್ ಷರತ್ತೂ 14. ಲೆಕ್ಕ ಚುಕ್ತಾ.

ಲಾಜ್ ಕೇಳಿದ್ದರಲ್ಲಿ ನ್ಯಾಯವೂ ಇತ್ತು. ಯುದ್ಧ ತಡೆಯಲು ವಿಲ್ಸನ್ ಆ ಒಪ್ಪಂದದಲ್ಲೇ ಸೇರಿಸಿದ್ದ ದೇಶಗಳ ಕೂಟ, ರಾಷ್ಟ್ರ ಸಂಘ. ಅದರ 10ನೇ ವಿಧಿಯ ಪ್ರಕಾರ ಸದಸ್ಯ ದೇಶದ ಮೇಲೆ ದಾಳಿಯಾದರೆ ಉಳಿದವರು ಅದರ ಗಡಿ ಕಾಯಬೇಕು. ಹಾಗಾದರೆ ನಮ್ಮ ಹುಡುಗರನ್ನು ಯುದ್ಧಕ್ಕೆ ಕಳಿಸುವ ತೀರ್ಮಾನ ನಮ್ಮ ಕಾಂಗ್ರೆಸ್ಸಿನದೋ, ಸಂಘದ ಕಚೇರಿಯಿರುವ ಜಿನೀವಾದ್ದೋ ಎಂಬುದು ಅವರ ಪ್ರಶ್ನೆ. ಕೂತು ಮಾತಾಡಿದ್ದರೆ ಬಗೆಹರಿಯುವಂಥದ್ದೇ. ವಿಲ್ಸನ್ ಮಾತ್ರ ಒಂದಕ್ಷರ ಬದಲಿಸಲು ಒಪ್ಪಲಿಲ್ಲ.

ಸಂಜಯ ವೃತ್ತದ ಬಳಿ ಟೀ ಕುಡಿಯುತ್ತಾ ಗೆಳೆಯನಿಗೆ ಇದನ್ನು ಹೇಳಿದೆ. ‘ಲಾಜ್‌ನೂ ಹಡಗು ಹತ್ತುಸ್ಕೊಂಡಿದ್ರೆ ಆಗೋಗದು ಕಣಣ್ಣ. ಅಷ್ಟೂ ಗೊತ್ತಾಗ್ಲಿಲ್ವಾ ಆ ಮೇಷ್ಟ್ರಿಗೆ?’ ಅಂದ. ವಿಲ್ಸನ್ ನಿಜಕ್ಕೂ ಮೇಷ್ಟ್ರೇ, ಪ್ರಿನ್ಸ್‌ಟನ್‌ನಲ್ಲಿ ಪಾಠ ಹೇಳಿದವರು.

ಪಾರ್ಶ್ವವಾಯು ಬಡಿದು ಮಲಗಿದ್ದರೂ ಮೇಷ್ಟ್ರ ಹಟ ಇಳಿಯಲಿಲ್ಲ. ಲಾಜ್ ಷರತ್ತು ಹಾಕಿದ ಒಪ್ಪಂದವನ್ನು ಸೋಲಿಸಿ ಎಂದು ಸ್ವಂತ ಪಕ್ಷಕ್ಕೇ ಹೇಳಿದರು. 1920ರ ಮಾರ್ಚ್ 19ರಂದು ಸೆನೆಟ್‌ನಲ್ಲಿ ಪರ 49, ವಿರೋಧ 35. ಮೂರನೇ ಎರಡಕ್ಕೆ 7 ಮತ ಕಡಿಮೆ. ಆ 35ರಲ್ಲಿ 23 ವಿಲ್ಸನ್ ಪಕ್ಷದವರದ್ದೇ!

ಅದೇ ವರ್ಷ ಡಿಸೆಂಬರ್‌ನಲ್ಲಿ ವಿಲ್ಸನ್ನರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರು ಕಟ್ಟಿದ ಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತ ಮಾತ್ರ ಸ್ಥಾಪಕ ಸದಸ್ಯ! ಇನ್ನು ಜರ್ಮನಿಯ ಜೊತೆ ಅಮೆರಿಕದ ಯುದ್ಧ ಕಾಗದದಲ್ಲಿ ಮುಗಿದದ್ದು 1921ರ ಜುಲೈನಲ್ಲಿ. ಹೊಸ ಅಧ್ಯಕ್ಷ ಹಾರ್ಡಿಂಗ್ ಗಾಲ್ಫ್ ಆಟದ ನಡುವೆ ಎದ್ದು ಬಂದು, ನ್ಯೂಜೆರ್ಸಿಯ ಸೆನೆಟರೊಬ್ಬರ ಮನೆಯಲ್ಲಿ ರುಜು ಹಾಕಿದರು.