ಲಿಂಗದ ಮೇಲೆ ಊರಿದ ಕಾಲು

ಬೇಡರ ಕಣ್ಣಪ್ಪನ ಕಥೆಯಲ್ಲಿ ನನ್ನನ್ನು ಇಂದಿಗೂ ಕಲಕುವುದು ಅವನು ಕಣ್ಣು ಕಿತ್ತು ಕೊಡುವ ಗಳಿಗೆಗಿಂತ, ಎರಡನೆಯ ಕಣ್ಣನ್ನೂ ಕಿತ್ತರೆ ಶಿವಲಿಂಗದ ಕಣ್ಣಿನಿಂದ ನೆತ್ತರು ಸುರಿಯುವ ಜಾಗ ಕಾಣದೆಂದು ಗುರುತಿಗಾಗಿ ಅದರ ಮೇಲೆ ಕಾಲೂರುವ ಗಳಿಗೆ. ಶಾಸ್ತ್ರ ಬಲ್ಲವನಿಗೆ ಅದು ಅಪಚಾರ. ಆ ಬೇಡನಿಗೆ ಅದಕ್ಕಿಂತ ಸಹಜವಾದದ್ದು ಬೇರೊಂದಿಲ್ಲ. ಅಳುಕಿ ಆ ಕಾಲನ್ನು ಮರೆಮಾಡುವ ನಿರ್ದೇಶಕ ಇಡೀ ಕಥೆಯನ್ನೇ ಕಳೆದುಕೊಳ್ಳುತ್ತಾನೆ. ಧಾರ್ಮಿಕ ಚಿತ್ರಗಳ ಗೆಲುವು ಸೋಲುಗಳನ್ನು ನಾನು ಅಳೆಯುವುದು ಈ ಕಾಲಿನಿಂದಲೇ.

ಇಂಥ ಕಥೆಗಳ ದೊಡ್ಡ ಬಲವೆಂದರೆ ನೋಡುವವರಿಗೆ ಅವು ಮೊದಲೇ ಗೊತ್ತಿರುವುದು. ದಾದಾಸಾಹೇಬ್ ಫಾಲ್ಕೆಯವರು 1913ರ ತಮ್ಮ ಮೂಕಿ ಚಿತ್ರಕ್ಕೆ ಹರಿಶ್ಚಂದ್ರನನ್ನು ಆರಿಸಿಕೊಂಡಾಗ ಪ್ರೇಕ್ಷಕರಿಗೆ ಹೆಚ್ಚೇನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದೇನಾಗುವುದೆಂಬ ಕುತೂಹಲದ ಹೊರೆ ಇಳಿದ ಮೇಲೆ, ಅದು ಆಗುವಾಗ ಮನುಷ್ಯನ ಮುಖ ಹೇಗಿರುತ್ತದೆ ಎಂಬುದಕ್ಕೇ ನಿರ್ದೇಶಕ ತನ್ನ ಶಕ್ತಿಯನ್ನೆಲ್ಲ ಮೀಸಲಿಡಬಹುದು. ಆದರೆ ಇದೇ ಬಲ ಸೋಮಾರಿತನಕ್ಕೂ ದಾರಿಯಾಗುತ್ತದೆ. ಪ್ರೇಕ್ಷಕನು ಭಕ್ತಿಯನ್ನು ಮನೆಯಿಂದಲೇ ತಂದಿರುತ್ತಾನೆಂಬ ಭರವಸೆಯಲ್ಲಿ, ತಲೆಯ ಹಿಂದೆ ಪ್ರಭೆ ಬೆಳಗಿಸಿ, ಶಂಖ ಜಾಗಟೆ ಮೊಳಗಿಸಿ, ಅಷ್ಟಕ್ಕೇ ದೃಶ್ಯ ಮುಗಿಯಿತೆಂದುಕೊಳ್ಳುವವರೇ ಹೆಚ್ಚು.

1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಅವರು ಹಿರಣ್ಯಕಶಿಪುವಾದರು. ಹೆಸರು ಮಗನದು, ಚಿತ್ರ ನಿಂತಿರುವುದು ತಂದೆಯ ಮೇಲೆ. ವಿಷ್ಣುವಿನಿಂದ ಸೋದರನನ್ನು ಕಳೆದುಕೊಂಡವನ ಕ್ರೋಧಕ್ಕೆ ಕಾರಣವಿದೆ. ಅದೇ ವಿಷ್ಣುವಿನ ಹೆಸರು ಮಗನ ಬಾಯಲ್ಲಿ ಕೇಳುವ ಸಂಕಟ ಸಣ್ಣದಲ್ಲ. ದೈವವನ್ನು ಎದುರಿಸುವವನಿಗೆ ಇಷ್ಟು ಘನತೆ ಕೊಟ್ಟಾಗ ಮಾತ್ರ ಹುಡುಗನ ನಂಬಿಕೆಗೂ ತೂಕ ಬರುತ್ತದೆ. ರಾಕ್ಷಸನನ್ನು ಬರಿಯ ಗಹಗಹಿಕೆಯಾಗಿಸಿದ ಚಿತ್ರಗಳಲ್ಲಿ ದೇವರೂ ಸಪ್ಪೆಯಾಗುತ್ತಾನೆ.

2023ರಲ್ಲಿ ‘ಆದಿಪುರುಷ್’ ತೆರೆಕಂಡ ಬೆನ್ನಲ್ಲೇ, ಜನರ ಸಿಟ್ಟಿಗೆ ಮಣಿದು ಅದರ ಕೆಲವು ಸಂಭಾಷಣೆಗಳನ್ನು ಬದಲಾಯಿಸಬೇಕಾಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಾತು ತಿದ್ದಿದ ಮಾತ್ರಕ್ಕೆ ನೀಗುವ ಕೊರತೆ ಅದಾಗಿರಲಿಲ್ಲ; ಗ್ರಾಫಿಕ್ಸ್‌ನ ಅಬ್ಬರದ ನಡುವೆ ಸೀತೆಯನ್ನು ಕಳೆದುಕೊಂಡ ರಾಮನ ದುಃಖಕ್ಕೆ ಜಾಗವೇ ಉಳಿದಿರಲಿಲ್ಲ.

ಭಕ್ತರ ಭಾವನೆಯನ್ನು ಗೌರವಿಸಿದರೆ ಕಲೆಗೆ ಕಟ್ಟು ಬೀಳುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮುಸ್ತಫಾ ಅಕ್ಕಾದ್ ಅವರು ‘ದ ಮೆಸೇಜ್’ ಚಿತ್ರದಲ್ಲಿ ಪ್ರವಾದಿಯವರ ರೂಪವನ್ನು ತೋರಿಸಲಿಲ್ಲ, ದನಿಯನ್ನೂ ಕೇಳಿಸಲಿಲ್ಲ. ಹಲವೆಡೆ ಕ್ಯಾಮೆರಾ ಅವರ ಸ್ಥಾನದಲ್ಲಿ ನಿಲ್ಲುತ್ತದೆ, ಎದುರಿಗಿರುವವರು ಅದನ್ನೇ ನೋಡಿ ಮಾತನಾಡುತ್ತಾರೆ. ತೋರಿಸಬಾರದೆಂಬ ಕಟ್ಟಳೆಯೇ ಅಲ್ಲಿ ನೋಡುವ ಹೊಸ ಬಗೆಯಾಯಿತು.

ಇಟಲಿಯ ಪಾಸೋಲಿನಿ ನಾಸ್ತಿಕರು, ಕಮ್ಯುನಿಸ್ಟ್ ವಿಚಾರದವರು. 1963ರಲ್ಲಿ ಒಂದು ಚಿತ್ರಕ್ಕಾಗಿ ಧರ್ಮನಿಂದನೆಯ ಶಿಕ್ಷೆಗೂ ಗುರಿಯಾದವರು. ಮರುವರ್ಷ ಅವರೇ ಮತ್ತಾಯನ ಸುವಾರ್ತೆಯನ್ನು ಚಿತ್ರವಾಗಿಸಿದರು. ಮಾತುಗಳೆಲ್ಲ ಸುವಾರ್ತೆಯವೇ, ನಟಿಸಿದವರಲ್ಲಿ ಹೆಚ್ಚಿನವರು ವೃತ್ತಿನಟರಲ್ಲ, ತಲೆಯ ಹಿಂದೆ ಪ್ರಭೆಯಿಲ್ಲ. ಯೇಸುವಿನ ತಾಯಿ, ಮುದಿ ಮರಿಯಳ ಪಾತ್ರಕ್ಕೆ ಅವರು ಕರೆತಂದದ್ದು ಸ್ವಂತ ತಾಯಿಯನ್ನು, 1945ರಲ್ಲಿ ಕಿರಿಯ ಮಗನನ್ನು ಕಳೆದುಕೊಂಡಿದ್ದ ತಾಯಿಯನ್ನು. ಶಿಲುಬೆಯ ಎದುರು ಆಕೆ ಕುಸಿದು ಅಳುವಾಗ ಅದು ಯಾರ ಮಗನಿಗಾಗಿ ಎಂದು ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ.